ಕೇಕ್ ಆರ್ಡರ್ ಬದಲಾದರೆ ಏನು ಮಾಡಬೇಕು?

ಗ್ರಾಹಕರು ಬದಲಾವಣೆ ಕೇಳಿದ ಕೂಡಲೇ ಒಪ್ಪಿಕೊಳ್ಳಬೇಡಿ. ಕೆಲಸ ಎಲ್ಲಿಗೆ ಬಂದಿದೆ ನೋಡಿ. ಕೇಕಿನ ಮೇಲಿನ ಹೆಸರನ್ನು ಕೊನೆಯ ದಿನವೂ ಬದಲಿಸಬಹುದು. ಸಕ್ಕರೆ ಹೂವು ಹಾಗಲ್ಲ, ಒಣಗಲು ದಿನಗಳೇ ಬೇಕು.

ಹೆಚ್ಚಿನವರು ಎಡವುವುದು ಅಳತೆಯಲ್ಲಿ. 8 ಇಂಚಿನ ದುಂಡು ಕೇಕನ್ನು 10 ಇಂಚು ಮಾಡಿ ಅಂದರೆ ಎರಡೇ ಇಂಚು ಅನ್ನಿಸುತ್ತದೆ. ಆದರೆ ವಿಸ್ತೀರ್ಣ 64ಕ್ಕೆ (8×8) 100ರಂತೆ (10×10) ಏರುತ್ತದೆ. ಎತ್ತರ ಅಷ್ಟೇ ಇದ್ದರೂ ಹಿಟ್ಟು ಒಂದೂವರೆ ಪಟ್ಟಿಗಿಂತ ಹೆಚ್ಚು ಬೇಕು. ಬೇಯುವ ಹೊತ್ತು, ಕೇಕಿನ ಕೆಳಗಿಡುವ ಬೋರ್ಡ್, ಡಬ್ಬ ಎಲ್ಲವೂ ಬದಲು. ದರವನ್ನೂ ಅದೇ ಲೆಕ್ಕದಲ್ಲಿ ಹೇಳಿ, ಸಂಕೋಚ ಬೇಡ.

ಮಾತು ಮುಗಿದ ಮೇಲೆ ಬದಲಾದ ಸಾಲನ್ನಷ್ಟೇ ಅಲ್ಲ, ಪೂರ್ತಿ ಆರ್ಡರನ್ನೇ ಹೊಸದಾಗಿ ಬರೆದು ಕಳಿಸಿ: ಅಳತೆ, ರುಚಿ, ಹೆಸರಿನ ಕಾಗುಣಿತ, ದಿನ, ಬಾಕಿ ಹಣ. ಒಪ್ಪಿಗೆಯ ಉತ್ತರ ಬಂದ ಕೂಡಲೇ ಅಡುಗೆಮನೆಯಲ್ಲಿ ಅಂಟಿಸಿದ ಹಳೇ ಚೀಟಿ ಕಿತ್ತುಹಾಕಿ. ಹಳೆಯದು, ಹೊಸದು ಎರಡೂ ಇದ್ದರೆ ಯಾರಾದರೂ ಹಳೆಯದನ್ನೇ ನೋಡಿ ಮಾಡಿಬಿಡುತ್ತಾರೆ.