ಸ್ಟೀಮ್‌ನಲ್ಲಿ ವಯಸ್ಸಿನ ದೃಢೀಕರಣ: ಕಾರ್ಡ್ ಹಾಕಿದ ಮೇಲೂ ಗೇಮ್ ಕಾಣುತ್ತಿಲ್ಲವೇ?

ಬ್ರಿಟನ್ನಿನಲ್ಲಿ ಕಂಪ್ಯೂಟರ್ ಗೇಮ್‌ಗಳನ್ನು ಮಾರುವ ಆನ್‌ಲೈನ್ ಮಳಿಗೆ ಸ್ಟೀಮ್ ಬಳಸುವವರು ಹುಟ್ಟಿದ ಇಸವಿಯ ಜಾಗದಲ್ಲಿ ತೋಚಿದ ಸಂಖ್ಯೆ ಒತ್ತಿ ವಯಸ್ಕರ ಗೇಮ್‌ಗಳ ಪುಟಕ್ಕೆ ನುಗ್ಗುವ ಕಾಲ ಮುಗಿದಿದೆ. 2023ರ ಆನ್‌ಲೈನ್ ಸೇಫ್ಟಿ ಕಾಯ್ದೆಯಡಿ, ಲೈಂಗಿಕ ದೃಶ್ಯಗಳನ್ನು ತೋರಿಸುವ ತಾಣಗಳು 2025ರ ಜುಲೈ 25ರಿಂದ ಬಳಕೆದಾರರ ವಯಸ್ಸನ್ನು ಗಟ್ಟಿಯಾಗಿ ಪರೀಕ್ಷಿಸಲೇಬೇಕು. ತಪ್ಪಿದರೆ ನಿಯಂತ್ರಣ ಸಂಸ್ಥೆ ಆಫ್‌ಕಾಮ್ 1.8 ಕೋಟಿ ಪೌಂಡ್ ಅಥವಾ ಕಂಪನಿಯ ಜಾಗತಿಕ ಆದಾಯದ ಶೇ 10, ಇವೆರಡರಲ್ಲಿ ಹೆಚ್ಚಿನ ಮೊತ್ತದವರೆಗೂ ದಂಡ ಹಾಕಬಹುದು. ‘ನನಗೆ 18 ತುಂಬಿದೆ’ ಎಂಬ ಟಿಕ್ ಗುರುತಿಗೆ ಇಲ್ಲಿ ಕವಡೆ ಕಿಮ್ಮತ್ತೂ ಇಲ್ಲ.

ಮುಖದ ಸ್ಕ್ಯಾನ್, ಫೋಟೊ ಇರುವ ಗುರುತಿನ ಚೀಟಿ, ಬ್ಯಾಂಕ್ ಅಥವಾ ಮೊಬೈಲ್ ಕಂಪನಿಯ ಮಾಹಿತಿ, ಕ್ರೆಡಿಟ್ ಕಾರ್ಡ್, ಇವನ್ನೆಲ್ಲ ಆಫ್‌ಕಾಮ್ ಒಪ್ಪುತ್ತದೆ. ಸ್ಟೀಮ್ ಆರಿಸಿಕೊಂಡದ್ದು ಕ್ರೆಡಿಟ್ ಕಾರ್ಡನ್ನು. ಬ್ರಿಟನ್ನಿನಲ್ಲಿ 18 ತುಂಬದವರಿಗೆ ಕ್ರೆಡಿಟ್ ಕಾರ್ಡ್ ಸಿಗುವುದಿಲ್ಲ. ಡೆಬಿಟ್ ಕಾರ್ಡ್ ಮಕ್ಕಳ ಕೈಯಲ್ಲೂ ಇರುತ್ತದೆ. ಹಾಗಾಗಿ ಡೆಬಿಟ್ ಕಾರ್ಡ್, ಪೇಪಾಲ್, ವಾಲೆಟ್‌ನಲ್ಲಿರುವ ಹಣ ಯಾವುದೂ ನಡೆಯದು. ಕ್ರೆಡಿಟ್ ಕಾರ್ಡ್ ಇಟ್ಟುಕೊಳ್ಳದ ವಯಸ್ಕರಿಗೆ ಇದರಿಂದ ಅನ್ಯಾಯವಾಗಿದೆ ಎನ್ನದೆ ವಿಧಿಯಿಲ್ಲ. ಆದರೂ ಗುರುತಿನ ಚೀಟಿಯ ಫೋಟೊ ಕಳಿಸುವುದಕ್ಕಿಂತ ಇದೇ ವಾಸಿ. ಗೇಮ್ ಆಡುವವರು ಹರಟೆಗೆ ಬಳಸುವ ಡಿಸ್ಕಾರ್ಡ್ ಆ್ಯಪ್‌ಗೆ ಸೇವೆ ಒದಗಿಸುತ್ತಿದ್ದ ಹೊರಗಿನ ಕಂಪನಿಯಿಂದ ಸುಮಾರು 70,000 ಬಳಕೆದಾರರ ಗುರುತಿನ ಚೀಟಿಯ ಚಿತ್ರಗಳು ಸೋರಿರಬಹುದು ಎಂದು 2025ರ ಅಕ್ಟೋಬರ್‌ನಲ್ಲಿ ಬಯಲಾಗಿತ್ತು.

ಹೆಜ್ಜೆ 1: ಸ್ಟೀಮ್ ಆ್ಯಪ್ ತೆರೆದು, ಮೇಲೆ ಬಲಗಡೆ ನಿಮ್ಮ ಹೆಸರು ಒತ್ತಿ ‘ಅಕೌಂಟ್ ಡೀಟೇಲ್ಸ್’ಗೆ ಹೋಗಿ. ಇಮೇಲ್‌ನಲ್ಲಿ ಬಂದ ‘ವಯಸ್ಸು ದೃಢಪಡಿಸಿ’ ಲಿಂಕ್ ಒತ್ತಬೇಡಿ. ಕಾರ್ಡ್ ಕದಿಯುವವರಿಗೆ ಈ ನಿಯಮ ಹಬ್ಬವಿದ್ದಂತೆ.

ಹೆಜ್ಜೆ 2: ಪಾವತಿ ವಿಧಾನಗಳ ಜಾಗದಲ್ಲಿ ಕ್ರೆಡಿಟ್ ಕಾರ್ಡ್ ಸೇರಿಸಿ. ವಿಳಾಸ, ಪೋಸ್ಟ್‌ಕೋಡ್ ಬ್ಯಾಂಕಿನಲ್ಲಿ ಇರುವಂತೆಯೇ ಇರಲಿ. ಮನೆ ಬದಲಿಸಿ ಬ್ಯಾಂಕಿಗೆ ತಿಳಿಸದಿದ್ದವರು ಇಲ್ಲೇ ಎಡವಬಹುದು. ಬ್ಯಾಂಕಿನ ಆ್ಯಪ್ ಒಪ್ಪಿಗೆ ಕೇಳಿದರೆ ಕೊಡಿ.

ಹೆಜ್ಜೆ 3: ಕಾರ್ಡನ್ನು ಖಾತೆಯಲ್ಲಿ ಹಾಗೇ ಬಿಡಿ. ಒಮ್ಮೆ ತೋರಿಸಿ ಅಳಿಸಿಬಿಡೋಣ ಎಂದರೆ ಆಗದು. ಚಾಲ್ತಿಯಲ್ಲಿರುವ ಕಾರ್ಡ್ ಖಾತೆಯಲ್ಲಿ ಇರುವಷ್ಟು ಕಾಲ ಮಾತ್ರ ನೀವು ‘ದೃಢೀಕೃತ’. ಕಾರ್ಡಿನ ಅವಧಿ ಮುಗಿಯುವ ಹೊತ್ತಿಗೆ ಹೊಸದನ್ನು ಸೇರಿಸಿಕೊಳ್ಳಿ. ಒಂದೇ ಖಾತೆಯನ್ನು ನಾಲ್ಕಾರು ಜನ ಹಂಚಿಕೊಳ್ಳದಿರಲಿ ಎಂದೇ ಈ ಏರ್ಪಾಡು. ತನ್ನ ಕಾರ್ಡ್ ಕೂತಿರುವ ಖಾತೆಯನ್ನು ಯಾರು ತಾನೇ ಸಲೀಸಾಗಿ ಬಿಟ್ಟುಕೊಟ್ಟಾರು?

ಹೆಜ್ಜೆ 4: ಇಷ್ಟಾದರೂ ಹುಡುಕಿದ ಗೇಮ್ ಸಿಗದಿದ್ದರೆ ಕಾರ್ಡನ್ನು ದೂರಬೇಡಿ. ದೃಢೀಕರಣವೇ ಬೇರೆ, ಫಿಲ್ಟರ್ ಬೇರೆ. ‘ಸ್ಟೋರ್ ಪ್ರಿಫರೆನ್ಸಸ್’ನಲ್ಲಿ ವಯಸ್ಕರ ವಿಷಯಕ್ಕೆ ಸಂಬಂಧಿಸಿದ ಆಯ್ಕೆಗಳಿವೆ. ಅತಿ ಹಿಂಸೆಗೆ ಒಂದು, ಕೆಲಮಟ್ಟಿನ ನಗ್ನತೆಗೆ ಒಂದು, ಸಂಪೂರ್ಣ ವಯಸ್ಕರ ಲೈಂಗಿಕ ವಿಷಯಕ್ಕೆ ಮತ್ತೊಂದು. ಕೊನೆಯದನ್ನು ನೀವಾಗಿಯೇ ಆನ್ ಮಾಡದ ಹೊರತು ಆ ಗೇಮ್‌ಗಳು ಹುಡುಕಾಟದಲ್ಲಿ ತಲೆ ಹಾಕುವುದಿಲ್ಲ. ಲಾಗಿನ್ ಆಗದೆ ನೋಡಿದರೂ ಅಷ್ಟೇ.

ವಿಪಿಎನ್ (ಇಂಟರ್ನೆಟ್‌ನಲ್ಲಿ ನೀವಿರುವ ಜಾಗ ಮರೆಮಾಚುವ ಸೇವೆ) ಹಾಕಿ ಬೇರೆ ದೇಶದವರಂತೆ ತೋರಿಸಿಕೊಳ್ಳುವ ಸಲಹೆ ಧಾರಾಳವಾಗಿ ಸಿಗುತ್ತದೆ. ವಾಸದ ಜಾಗ ಮರೆಮಾಚಿ ಪ್ರಾದೇಶಿಕ ನಿರ್ಬಂಧ ತಪ್ಪಿಸುವುದು ಸ್ಟೀಮ್‌ನ ಒಪ್ಪಂದಕ್ಕೆ ವಿರುದ್ಧ. ಅದಕ್ಕಾಗಿ ವರ್ಷಗಟ್ಟಲೆ ಕೂಡಿಟ್ಟ ಗೇಮ್‌ಗಳ ಲೈಬ್ರರಿಯನ್ನು ಪಣಕ್ಕಿಡುವುದು ದಡ್ಡತನ. ಅಲ್ಲದೆ ಎಲ್ಲ ದೇಶವೂ ಸಡಿಲವಲ್ಲ. ಜರ್ಮನಿಯಲ್ಲಿ ವಯೋಮಿತಿಯ ರೇಟಿಂಗ್ ಇಲ್ಲದ ಗೇಮ್‌ಗಳನ್ನು ಸ್ಟೀಮ್ 2024ರ ನವೆಂಬರ್‌ನಿಂದ ತೋರಿಸುವುದನ್ನೇ ನಿಲ್ಲಿಸಿದೆ.

ಮನೆಯಲ್ಲಿ ಮಕ್ಕಳಿದ್ದರೆ ಇನ್ನೊಂದು ಕೆಲಸ ಬಾಕಿ ಇದೆ. ದೃಢೀಕರಣವಾದ ನಿಮ್ಮ ಖಾತೆಯಲ್ಲೇ ಮಗ ಆಡುತ್ತಿದ್ದರೆ ಕಾನೂನಿನ ಬೇಲಿ ಇದ್ದೂ ಇಲ್ಲದಂತೆ. ಅವನಿಗೆ ಬೇರೆ ಖಾತೆ ತೆರೆದು ‘ಸ್ಟೀಮ್ ಫ್ಯಾಮಿಲೀಸ್’ ಎಂಬ ಮನೆಮಂದಿಯ ಗುಂಪಿಗೆ ‘ಚೈಲ್ಡ್’ ಎಂದು ಸೇರಿಸಿ. ಯಾವ ಗೇಮ್ ಆಡಬಹುದು, ಎಷ್ಟು ಹೊತ್ತು ಎಂಬುದನ್ನು ಅಲ್ಲೇ ನಿಗದಿ ಮಾಡಬಹುದು. ಗುಂಪಿಗೆ ಆರು ಜನರ ಮಿತಿ. ಒಬ್ಬರು ಹೊರಹೋದರೆ ಅವರ ಜಾಗ ಒಂದು ವರ್ಷ ಮತ್ತೊಬ್ಬರಿಗೆ ಸಿಗುವುದಿಲ್ಲವಾದ್ದರಿಂದ, ಸ್ನೇಹಿತರನ್ನು ತುಂಬಿಸುವ ಮುಂಚೆ ಮಕ್ಕಳನ್ನು ಸೇರಿಸಿಬಿಡಿ.