ತೊಡೆಸಂದಿನ ತುರಿಕೆ: ಐದು ತಿಂಗಳ ನಂತರ ಹೋದದ್ದು ಹೀಗೆ

ಮಂಗಳೂರಿನ ಮಳೆಗಾಲದಲ್ಲಿ ಶುರುವಾಯಿತು. ತೊಡೆಸಂದಿನಲ್ಲಿ ಉಂಗುರದ ಹಾಗೆ ಕೆಂಪು ಕಲೆ, ಅಂಚು ದಪ್ಪ. ಬೆವರಿದರೆ ಸಾಕು, ತುರಿಕೆ. ಇದು ಫಂಗಸ್ ಸೋಂಕು, ಅಂದರೆ ಹುಳುಕಡ್ಡಿ.

ಪೌಡರ್ ಹಾಕಿದೆ, ಮುದ್ದೆಯಾಯಿತು. ಮೆಡಿಕಲ್‌ನಲ್ಲಿ ಕೇಳಿ ತಂದ ಟ್ಯೂಬ್ ಎರಡೇ ದಿನದಲ್ಲಿ ತುರಿಕೆ ನಿಲ್ಲಿಸಿತು. ಬಿಟ್ಟ ವಾರಕ್ಕೆ ಕಲೆ ಎರಡು ಪಟ್ಟು ಹರಡಿತ್ತು. ಅದರಲ್ಲಿ ಕ್ಲೋಬೆಟಸಾಲ್ ಇತ್ತು, ಅಂದರೆ ಸ್ಟೀರಾಯ್ಡ್. ತುರಿಕೆ ಅಡಗಿಸಿ ಫಂಗಸ್ ಬೆಳೆಯಲು ಬಿಡುತ್ತದೆ.

ಚರ್ಮದ ಡಾಕ್ಟರು ಬರೆದದ್ದು ಫಂಗಸ್ ಕೊಲ್ಲುವ ಲುಲಿಕೊನಜೋಲ್ ಕ್ರೀಮ್, ದಿನಕ್ಕೊಮ್ಮೆ. ಸ್ನಾನ ಮಾಡಿ, ಪೂರ್ತಿ ಒಣಗಿದ ಮೇಲೆ ಹಚ್ಚಬೇಕು. ಕಲೆಗೆ ಮಾತ್ರ ಅಲ್ಲ, ಅಂಚಿನಿಂದ 2 ಸೆಂ.ಮೀ. ಆಚೆಗೂ. ಕಲೆ ಮಾಯವಾದ ಮೇಲೂ 2 ವಾರ. ನಾನು ಮೊದಲು ತಪ್ಪುತ್ತಿದ್ದದ್ದು ಇಲ್ಲೇ. ಜತೆಗೆ ಫಂಗಸ್‌ಗೇ ಇಟ್ರಾಕೊನಜೋಲ್ ಮಾತ್ರೆ. ಅದನ್ನು ಸುಮ್ನೆ ಅಂಗಡಿಯಿಂದ ತಂದು ನುಂಗಬೇಡಿ, ಲಿವರ್‌ಗೆ ತೊಂದರೆ ಆಗುವುದುಂಟು.

ಕಾಲ್ಬೆರಳ ಸಂದಿನಲ್ಲೂ ಇದೇ ಫಂಗಸ್ ಇತ್ತು. ಚಡ್ಡಿ ಏರಿಸುವಾಗ ಅಲ್ಲಿಂದ ಮೇಲೆ ಬರುತ್ತದೆ! ಹಾಗಾಗಿ ಅಲ್ಲಿಗೂ ಕ್ರೀಮ್. ಮೊದಲು ಸಾಕ್ಸ್, ಆಮೇಲೆ ಚಡ್ಡಿ. ಬೈರಾಸು (ಟವೆಲ್) ನನ್ನದೇ ಬೇರೆ. ಮಳೆಯಲ್ಲಿ ಬಟ್ಟೆ ಒಣಗುವುದಿಲ್ಲ ಅಲ್ವಾ, ದಿನಾ ಚಡ್ಡಿಗೆ ಬಿಸಿ ಇಸ್ತ್ರಿ ಹಾಕಿದೆ, ಹೊಲಿಗೆಯ ಮೇಲೆ ಜಾಸ್ತಿ. ಆರನೇ ವಾರಕ್ಕೆ ಕ್ರೀಮ್ ನಿಲ್ಲಿಸಿದೆ. ಮುಂದಿನ ಮಳೆಗಾಲದಲ್ಲಿ ಬರಲಿಲ್ಲ.