ಫಾಲೌಟ್ ನ್ಯೂ ವೆಗಾಸ್ ಶುರು ಮಾಡೋರಿಗೆ: ಮೊದ್ಲು ನೀರು, ಆಮೇಲೆ ಗನ್ನು

ನಮ್ಮ ದಾವಣಗೆರೆ ಕಡೆ ಕಾಲೇಜ್ ಹುಡುಗರ ಕೈಲಿರೋದು ಜಾಸ್ತಿ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪು, ಅದರಲ್ಲಿ ಹೊಸ ಗೇಮ್ ಹಾಕಿದ್ರೆ ಫ್ಯಾನ್ ಕೂಗ್ಕೊಳ್ಳುತ್ತೆ ಅಷ್ಟೇ, ಗೇಮ್ ಓಡಲ್ಲ. ಅಂಥೋರು ಒಬ್ಬನೇ ಕೂತು ಆಡೋಕೆ ಒಂದು ಒಳ್ಳೆ ಗೇಮ್ ಹೇಳಣ್ಣ ಅಂದ್ರೆ ನಾನು ಹೇಳೋದು ಫಾಲೌಟ್ ನ್ಯೂ ವೆಗಾಸ್. 2010ರದ್ದು, ಅಬ್ಸಿಡಿಯನ್ ಅವರು ಮಾಡಿದ್ದು, ಬೆಥೆಸ್ಡಾ ಬಿಡುಗಡೆ ಮಾಡಿದ್ದು, ಹಳೇದು ಆಗಿರೋದ್ರಿಂದ ಸೇಲ್ ಟೈಮಲ್ಲಿ ತುಂಬಾ ಕಮ್ಮಿಗೆ ಸಿಗುತ್ತೆ, ಆಮೇಲೆ ಬಂದ ಎಕ್ಸ್‌ಟ್ರಾ ಕಥೆಗಳೂ (ಡಿಎಲ್‌ಸಿ ಅಂತಾರೆ) ಸೇರಿರೋ ಅಲ್ಟಿಮೇಟ್ ಎಡಿಷನ್ನೇ ತಗೊಳ್ರಿ.

ಕಥೆ ಇಷ್ಟು. 2077ರಲ್ಲಿ ಅಣುಬಾಂಬ್ ಯುದ್ಧ ಆಗಿ ಪ್ರಪಂಚ ಸುಟ್ಟು ಹೋಗಿದೆ, ಗೇಮ್ ನಡೆಯೋದು 2281ರಲ್ಲಿ, ಅಮೆರಿಕದ ಲಾಸ್ ವೆಗಾಸ್ ಸುತ್ತಲಿನ ಮೊಹಾವಿ ಮರುಭೂಮೀಲಿ. ನೀವೊಬ್ಬ ಕೊರಿಯರ್ ಆಸಾಮಿ, ಪಾರ್ಸೆಲ್ ತಗೊಂಡು ಹೋಗ್ತಿರುವಾಗ ಒಬ್ಬ ಸೂಟು ಹಾಕ್ಕೊಂಡೋನು ನಿಮ್ಮ ತಲೆಗೇ ಗುಂಡು ಹೊಡೆದು ಹೂತಾಕಿ ಹೋಗ್ತಾನೆ. ಗುಡ್‌ಸ್ಪ್ರಿಂಗ್ಸ್ ಅನ್ನೋ ಹಳ್ಳೀಲಿ ಡಾಕ್ ಮಿಚೆಲ್ ಅನ್ನೋ ಡಾಕ್ಟ್ರು ನಿಮ್ಮನ್ನ ಬದುಕಿಸ್ತಾರೆ. ಅಲ್ಲಿಂದ ಮುಂದೆ ನಿಮ್ಮ ಇಷ್ಟ.

ಇನ್‌ಸ್ಟಾಲ್ ಆದ ತಕ್ಷಣ ಮಾಡೋ ಕೆಲಸ ಒಂದಿದೆ. ಇದು 32 ಬಿಟ್ ಪ್ರೋಗ್ರಾಂ, ನಿಮ್ಮ ಹತ್ರ 8 ಜಿಬಿ ರ‍್ಯಾಮ್ ಇದ್ರೂ 2 ಜಿಬಿ ದಾಟಿ ಬಳಸಲ್ಲ, ಅದಕ್ಕೇ ಕ್ರ್ಯಾಶ್ ಆಗೋದು. 4 ಜಿಬಿ ಪ್ಯಾಚರ್ ಅಂತ ಒಂದು ಪುಕ್ಕಟೆ ಟೂಲ್ ಇದೆ, ಗೇಮ್ ಫೋಲ್ಡರ್‌ಗೆ ಹಾಕಿ ಒಂದು ಸಲ ರನ್ ಮಾಡಿದ್ರೆ ಸಾಕು. ಮಿಕ್ಕ ಮಾಡ್‌ಗಳೆಲ್ಲ, ಅಂದ್ರೆ ಆಟಗಾರರೇ ಮಾಡಿ ಹಂಚೋ ಬದಲಾವಣೆಗಳು, ಮೊದಲನೇ ಸಲಕ್ಕೆ ಬೇಡವೇ ಬೇಡ, ಮಾಡ್ ಹಾಕೋದ್ರಲ್ಲೇ ಭಾನುವಾರ ಕಳೆದು ಗೇಮ್ ಆಡದೇ ಮಲಗೋರು ಬೇಜಾನ್ ಜನ ಇದಾರೆ. ಸೇವ್ ಮಾತ್ರ ಎಫ್5 ಒಂದನ್ನೇ ನಂಬ್ಕೊಂಡು ಕೂರ್ಬೇಡ್ರಿ, ಮೆನುಗೆ ಹೋಗಿ ಬೇರೆ ಬೇರೆ ಸೇವ್ ಇಡ್ರಿ, ನಮ್ಮ ಕಡೆ ಕರೆಂಟ್ ಹೋಗೋದು ಯಾವಾಗ ಅಂತ ಹೇಳೋಕಾಗಲ್ಲ, ಲ್ಯಾಪ್‌ಟಾಪ್ ಬ್ಯಾಟರಿ ಸತ್ತಿದ್ರಂತೂ ಮುಗೀತು.

ಈಗ ಕ್ಯಾರೆಕ್ಟರ್. ಡಾಕ್ಟ್ರ ಮನೇಲಿ ಏಳು ಗುಣಗಳಿಗೆ ಪಾಯಿಂಟ್ ಹಂಚಬೇಕು, ಎಲ್ಲ 5ರಲ್ಲಿ ಇರುತ್ತೆ, ಮೇಲೆ 5 ಪಾಯಿಂಟ್ ಕೊಡ್ತಾರೆ, ಒಟ್ಟು 40. ಕರಿಸ್ಮಾ ಜಾಸ್ತಿ ಇದ್ರೆ ಮಾತಲ್ಲಿ ಗೆಲ್ಲಬಹುದು ಅಂತ ಅನ್ಸುತ್ತೆ, ಆದ್ರೆ ಈ ಗೇಮಲ್ಲಿ ಮಾತು ನಡೆಸೋದು ಸ್ಪೀಚ್ ಅನ್ನೋ ಸ್ಕಿಲ್ಲು, ಕರಿಸ್ಮಾ 1ಕ್ಕೆ ಇಳಿಸಿದ್ರೂ ದೊಡ್ಡ ನಷ್ಟ ಏನಿಲ್ಲ. ಆ ಉಳಿದ ಪಾಯಿಂಟನ್ನ ಇಂಟೆಲಿಜೆನ್ಸ್‌ಗೆ ಹಾಕ್ರಿ, ಪ್ರತಿ ಲೆವೆಲ್‌ಗೂ ಸ್ಕಿಲ್ ಪಾಯಿಂಟ್ ಜಾಸ್ತಿ ಸಿಗುತ್ತೆ, ಸ್ವಲ್ಪ ಎಂಡ್ಯೂರೆನ್ಸ್‌ಗೆ, ಸ್ವಲ್ಪ ಲಕ್‌ಗೆ. ಆಮೇಲೆ ಮೂರು ಸ್ಕಿಲ್ ಟ್ಯಾಗ್ ಮಾಡು ಅಂತಾರೆ, ಅಂದ್ರೆ ಆ ಮೂರಕ್ಕೆ ಶುರುವಲ್ಲೇ ಜಾಸ್ತಿ ಪಾಯಿಂಟ್. ನನ್ನ ಕೇಳಿದ್ರೆ ಗನ್ಸ್, ಸ್ಪೀಚ್, ರಿಪೇರ್, ಕಣ್ಣು ಮುಚ್ಕೊಂಡು. ಟ್ರೇಟ್ ಅಂತ, ಒಂದು ಲಾಭ ಒಂದು ನಷ್ಟ ಎರಡೂ ಇರೋ ಗುಣ, ಎರಡು ಆರಿಸೋಕೆ ಬರುತ್ತೆ, ಖಾಲಿ ಬಿಟ್ರೂ ನಡೆಯುತ್ತೆ.

ಮನೆ ಹೊರಗೆ ಕಾಲಿಟ್ಟ ಕೂಡ್ಲೇ ಹಾರ್ಡ್‌ಕೋರ್ ಮೋಡ್ ಬೇಕಾ ಅಂತ ಕೇಳುತ್ತೆ. ಎಲ್ಲರೂ ಹೊಸಬರಿಗೆ ಬೇಡ ಅಂತಾರೆ, ನಾನು ಬೇಕು ಅಂತೀನಿ. ಹೆಸರು ಕೇಳಿ ಹೆದರ್ಕೋಬೇಡ್ರಿ, ವೈರಿಗಳೇನೂ ಜಾಸ್ತಿ ಗಟ್ಟಿ ಆಗಲ್ಲ. ಆಗೋದೇನಪ್ಪ ಅಂದ್ರೆ ಹಸಿವು, ಬಾಯಾರಿಕೆ, ನಿದ್ದೆ ಮೂರೂ ಶುರು ಆಗುತ್ತೆ, ಗುಂಡುಗಳಿಗೂ ತೂಕ ಬರುತ್ತೆ, ಸ್ಟಿಮ್‌ಪ್ಯಾಕ್ ಅನ್ನೋ ಇಂಜೆಕ್ಷನ್ ಹಾಕ್ಕೊಂಡ್ರೆ ಪ್ರಾಣ ಒಂದೇ ಸಲಕ್ಕೆ ತುಂಬದೆ ನಿಧಾನಕ್ಕೆ ತುಂಬುತ್ತೆ, ಕೈ ಕಾಲು ಮುರಿದ್ರೆ ಮಲಗಿ ಎದ್ರೆ ವಾಸಿ ಆಗಲ್ಲ, ಡಾಕ್ಟರ್ಸ್ ಬ್ಯಾಗ್ ಬೇಕು ಇಲ್ಲಾ ಡಾಕ್ಟ್ರ ಹತ್ರನೇ ಹೋಗ್ಬೇಕು, ಮತ್ತೆ ಜೊತೆಗಾರರು ಸತ್ರೆ ಸತ್ತಂಗೇ. ಇದಿಲ್ದೇ ಆಡಿದ್ರೆ ಮೊಹಾವಿ ಬರೀ ನಡೆಯೋ ಬಯಲು, ಇದಿದ್ರೆ ಮ್ಯಾಪ್ ನೋಡಿ ಇಲ್ಲಿಂದ ಅಲ್ಲಿಗೆ ಮಧ್ಯ ನೀರು ಎಲ್ಲಿದೆ ಅಂತ ಯೋಚನೆ ಮಾಡೋಕೆ ಶುರು ಮಾಡ್ತೀರ, ಗೇಮ್ ಇರೋದೇ ಅಲ್ಲಿ. ಚಿತ್ರದುರ್ಗದೋರಿಗೆ ಇದು ಬಿಡಿಸಿ ಹೇಳ್ಬೇಕಾಗಿಲ್ಲ. ಪಾಳೇಗಾರರು ಬರೀ ಬಂಡೆ ಇರೋ ಜಾಗದಲ್ಲಿ ಏಳು ಸುತ್ತಿನ ಕೋಟೆ ಕಟ್ಟಿ ಬದುಕಿದ್ದು ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿ ಹೊಂಡ ಅಂತ ನೀರು ಹಿಡಿದಿಟ್ಟಿದ್ರಿಂದ, ಇಲ್ಲೂ ಲೆಕ್ಕ ಅದೇ. ಇಷ್ಟ ಆಗಲಿಲ್ಲ ಅಂದ್ರೆ ಸೆಟಿಂಗ್ಸಲ್ಲಿ ಆಫ್ ಮಾಡ್ಕೋಬಹುದು, ಆ ಮೋಡ್‌ಗೆ ಅಂತ ಇರೋ ಅಚೀವ್‌ಮೆಂಟ್ ಒಂದು ಹೋಗುತ್ತೆ, ಹೋಗ್ಲಿ ಬಿಡ್ರಿ.

ನೀರಿನ ವಿಷಯ ಸ್ವಲ್ಪ ಬಿಡಿಸಿ ಹೇಳ್ತೀನಿ. ನಲ್ಲಿ, ಬಾವಿ, ಕೆರೆ ಯಾವುದರ ಮೇಲೆ ಗುರಿ ಇಟ್ರೂ ಕುಡಿದ್ರೆ ರೇಡಿಯೇಷನ್ ಎಷ್ಟು ಏರುತ್ತೆ ಅಂತ ಸ್ಕ್ರೀನ್ ಮೇಲೆ ತೋರಿಸುತ್ತೆ, ಅದನ್ನ ನೋಡಿ ಕುಡೀರಿ. ಗೇಮಲ್ಲಿ ಖಾಲಿ ಬಾಟಲಿ ರಾಶಿ ಸಿಗುತ್ತೆ, ಆದ್ರೆ ಅದಕ್ಕೆ ನೀರು ತುಂಬಿಸ್ಕೊಳ್ಳೋಕೆ ಆಗಲ್ಲ, ಯಾಕೆ ಹಿಂಗೆ ಮಾಡಿದ್ರೋ ದೇವ್ರಿಗೇ ಗೊತ್ತು. ಹಂಗಾಗಿ ಒಳ್ಳೆ ಬಾವಿ ಸಿಕ್ಕಲ್ಲಿ ಹೊಟ್ಟೆ ತುಂಬ ಕುಡಿದು ಹೊರಡೋದು, ಪ್ಯೂರಿಫೈಡ್ ವಾಟರ್ ಬಾಟಲಿ ಸಿಕ್ರೆ ಮಾರದೆ ಇಟ್ಕೊಳ್ಳೋದು. ದಾರೀಲಿ ಪಾಪಸ್‌ಕಳ್ಳಿ ಹಣ್ಣು ಸಿಗುತ್ತೆ, ನಮ್ಮ ಹೊಲದ ಬದುವಲ್ಲಿ ಬೆಳೆಯೋ ಅದೇ ಜಾತಿ, ಕಿತ್ಕೊಂಡು ಬ್ಯಾಗಲ್ಲಿ ಹಾಕ್ಕೊಳ್ರಿ. ಫಾಸ್ಟ್ ಟ್ರಾವೆಲ್ ಮಾಡಿದ್ರೂ ದಾರಿಯ ಟೈಮ್ ಲೆಕ್ಕ ಆಗುತ್ತೆ, ತಲುಪೋ ಹೊತ್ತಿಗೆ ಬಾಯಿ ಒಣಗಿರುತ್ತೆ. ನಿಮ್ಮ ಕೈಗೆ ಕಟ್ಟಿರೋ ಪುಟ್ಟ ಕಂಪ್ಯೂಟರ್ ಪಿಪ್‌ಬಾಯಲ್ಲಿ ಹಸಿವು, ಬಾಯಾರಿಕೆ, ನಿದ್ದೆ ಮೂರಕ್ಕೂ ಒಂದೊಂದು ನಂಬರ್ ಇದೆ, 200 ದಾಟಿದ್ರೆ ಮೈಯಲ್ಲಿ ಶಕ್ತಿ ಕಮ್ಮಿ ಆಗೋಕೆ ಶುರು, 1000 ಮುಟ್ಟಿದ್ರೆ ಸಾವು.

ಗುಡ್‌ಸ್ಪ್ರಿಂಗ್ಸ್ ಬಿಟ್ಟು ಓಡ್ಬೇಡ್ರಿ. ಸಲೂನಲ್ಲಿ (ಕಟಿಂಗ್ ಶಾಪ್ ಅಲ್ಲ, ಬಾರು) ಸನ್ನಿ ಸ್ಮೈಲ್ಸ್ ಅಂತ ಒಬ್ಬಳು ನಾಯಿ ಜೊತೆ ಇರ್ತಾಳೆ, ಅವಳು ಒಂದು ರೈಫಲ್ ಕೊಟ್ಟು ಬಾವಿ ಹತ್ರ ಕರ್ಕೊಂಡು ಹೋಗಿ ಗೆಕ್ಕೋ ಅನ್ನೋ ದೊಡ್ಡ ಹಲ್ಲಿಗಳನ್ನ ಹೊಡೆಯೋದು ಹೇಳ್ಕೊಡ್ತಾಳೆ, ಆಮೇಲೆ ಒಂದು ಹೂವು ಒಂದು ಬೇರು ತರಿಸಿ ಬೆಂಕಿ ಹತ್ರ ಹೀಲಿಂಗ್ ಪೌಡರ್ ಮಾಡೋದು ಕಲಿಸ್ತಾಳೆ. ಈ ನಾಟಿ ಔಷಧಿ ಕೊನೇವರೆಗೂ ಕೈ ಹಿಡಿಯುತ್ತೆ, ಆ ಗಿಡಗಳು ಕಂಡಲ್ಲೆಲ್ಲ ಕೀಳ್ರಿ.

ಅದೇ ಊರಲ್ಲಿ ಪೆಟ್ರೋಲ್ ಬಂಕ್ ಒಳಗೆ ರಿಂಗೋ ಅಂತ ಒಬ್ಬ ಅಡಗಿರ್ತಾನೆ, ಅವನ್ನ ಹೊಡೆಯೋಕೆ ಪೌಡರ್ ಗ್ಯಾಂಗರ್ಸ್ ಅಂತ ಜೈಲಿಂದ ತಪ್ಪಿಸ್ಕೊಂಡಿರೋ ಗ್ಯಾಂಗು ಬರ್ತಾ ಇರುತ್ತೆ. ಈ ಒಂದು ಕ್ವೆಸ್ಟ್ ನಿಧಾನಕ್ಕೆ ಆಡಿದ್ರೆ ಇಡೀ ಗೇಮ್ ಹೆಂಗೆ ಕೆಲಸ ಮಾಡುತ್ತೆ ಅಂತ ಅರ್ಥ ಆಗುತ್ತೆ. ರಿಂಗೋ ಪರ ನಿಲ್ಲೋಕೆ ಸಲೂನ್ ನಡೆಸೋ ಟ್ರೂಡಿಯನ್ನ ಒಪ್ಪಿಸೋಕೆ ಸ್ಪೀಚ್ ಬೇಕು, ಅಂಗಡಿ ಚೆಟ್ ಹತ್ರ ಸಾಮಾನು ಕೀಳೋಕೆ ಬಾರ್ಟರ್ ಅನ್ನೋ ವ್ಯಾಪಾರದ ಸ್ಕಿಲ್ ಬೇಕು, ಈಸಿ ಪೀಟ್ ಮುದುಕನಿಂದ ಡೈನಮೈಟ್ ಬೇಕು ಅಂದ್ರೆ ಎಕ್ಸ್‌ಪ್ಲೋಸಿವ್ಸ್ ಬೇಕು. ಎಷ್ಟು ಪಾಯಿಂಟ್ ಬೇಕು ಅನ್ನೋದು ಮಾತಿನ ಪಕ್ಕದಲ್ಲೇ ಬರೆದಿರುತ್ತೆ, ಲಾಟರಿ ಲೆಕ್ಕ ಇಲ್ಲ, ಅಷ್ಟು ಇದ್ರೆ ಗ್ಯಾರಂಟಿ ಆಗುತ್ತೆ, ಇಲ್ಲಾಂದ್ರೆ ಆಗಲ್ಲ. ಸ್ವಲ್ಪ ಕಮ್ಮಿ ಬಿದ್ರೆ ಆ ಸ್ಕಿಲ್ಲಿನ ಮ್ಯಾಗಜೀನ್ ಓದಿ, ಸ್ವಲ್ಪ ಹೊತ್ತಿಗೆ 10 ಏರುತ್ತೆ, ಓದಿದ ತಕ್ಷಣ ಮಾತಾಡ್ಬೇಕು. ಪುಸ್ತಕ ಬೇರೆ, ಅದು 3 ಪಾಯಿಂಟ್ ಕೊಡುತ್ತೆ ಆದ್ರೆ ಪರ್ಮನೆಂಟು.

ಊರಿಂದ ಹೊರಟಾಗ ಉತ್ತರಕ್ಕೆ ನೋಡಿದ್ರೆ ವೆಗಾಸ್ ಇಲ್ಲೇ ಇದೆಯಲ್ಲ ಅನ್ಸುತ್ತೆ. ಹೋಗ್ಬೇಡ್ರಿ. ಒಂದು ಕಡೆ ಕ್ಯಾಜಡೋರ್ ಅಂತ ವಿಷದ ದೊಡ್ಡ ಕಣಜ, ಇನ್ನೊಂದು ಕಡೆ ಕ್ವಾರಿ ಜಂಕ್ಷನ್ ಹತ್ರ ಡೆತ್‌ಕ್ಲಾ ಅಂತ ದೊಡ್ಡ ಉಗುರಿನ ರಾಕ್ಷಸ ಪ್ರಾಣಿ, ನಿಮ್ಮ ರೈಫಲ್ ಅವಕ್ಕೆ ಏನೇನೂ ಅಲ್ಲ. ಮೈ ಕಾಣದಂಗೆ ಮಾಡೋ ಸ್ಟೆಲ್ತ್ ಬಾಯ್ ಹಾಕ್ಕೊಂಡು ನುಸುಳಿ ಹೋಗೋ ಕಿಲಾಡಿಗಳೂ ಇದಾರೆ, ಅದೆಲ್ಲ ಎರಡನೇ ಸಲಕ್ಕೆ ಇರ್ಲಿ. ನೀವು ದಕ್ಷಿಣದ ರೋಡ್ ಹಿಡೀರಿ, ಪ್ರಿಮ್, ಅಲ್ಲಿಂದ ಮೊಹಾವಿ ಔಟ್‌ಪೋಸ್ಟ್, ನಿಪ್ಟನ್, ನೊವಾಕ್, ಬೌಲ್ಡರ್ ಸಿಟಿ, ಹಂಗೆ ಸುತ್ತು ಹಾಕ್ಕೊಂಡು ವೆಗಾಸ್. ಪ್ರಿಮ್‌ನಲ್ಲಿ ಇಡಿ-ಇ ಅನ್ನೋ ತೇಲೋ ರೋಬೋ ಕೆಟ್ಟು ಬಿದ್ದಿರುತ್ತೆ, ರಿಪೇರಿ ಮಾಡ್ಕೊಂಡ್ರೆ ಸಾಮಾನು ಹೊರುತ್ತೆ, ನೊವಾಕ್‌ನಲ್ಲಿ ಬೂನ್ ಅನ್ನೋ ಸ್ನೈಪರ್ ಸಿಗ್ತಾನೆ, ಇಬ್ರೂ ಜೊತೆಗಿದ್ರೆ ಅರ್ಧ ಕೆಲಸ ಅವರದ್ದೇ.

ಗನ್ನಿನ ಬಗ್ಗೆ ಎರಡೇ ಮಾತು. ಹೊಡೆದಷ್ಟೂ ಸವೆಯುತ್ತೆ, ಅದೇ ಜಾತಿ ಇನ್ನೊಂದು ಗನ್ ಇದ್ರೆ ಸೇರಿಸಿ ರಿಪೇರಿ ಮಾಡ್ಬಹುದು, ಹಂಗಾಗಿ ಸತ್ತೋರ ಹತ್ರ ಸಿಗೋ ಹಾಳು ಪಿಸ್ತೂಲುಗಳನ್ನ ಒಂದಕ್ಕೊಂದು ಸೇರಿಸಿ ಒಳ್ಳೇದೊಂದು ಮಾಡಿ ಮಾರಿದ್ರೆ ದುಡ್ಡೂ ಆಗುತ್ತೆ, ತೂಕಾನೂ ಇಳಿಯುತ್ತೆ. ಇನ್ನೊಂದು, ಗುಂಡು ಹೊಡೆದಾಗ ವೈರಿಯ ಪ್ರಾಣದ ಗೆರೆ ಪಕ್ಕ ಕೆಂಪು ಗುರಾಣಿ ಗುರುತು ಬಂದ್ರೆ ಅವನ ಕವಚ ನಿಮ್ಮ ಗುಂಡನ್ನ ತಡೀತಾ ಇದೆ ಅಂತ, ಕವಚ ಸೀಳೋ ಆರ್ಮರ್ ಪಿಯರ್ಸಿಂಗ್ ಗುಂಡು ಹಾಕ್ರಿ, ಇಲ್ಲಾ ಅಲ್ಲಿಂದ ಜಾಗ ಖಾಲಿ ಮಾಡ್ರಿ. ಕವಚ ಇಲ್ಲದ ಬರೀ ಮೈ ಪ್ರಾಣಿಗಳಿಗೆ ಜಾಸ್ತಿ ಗಾಯ ಮಾಡೋ ಹಾಲೋ ಪಾಯಿಂಟ್ ಗುಂಡು. ಮತ್ತೆ ಸತ್ತೋನ ಬಟ್ಟೆ ಚೆನ್ನಾಗಿದೆ ಅಂತ ಹಾಕ್ಕೊಳ್ಳೋ ಮುಂಚೆ ನೋಡ್ರಿ, ಮೊಹಾವಿಗಾಗಿ ಹೊಡೆದಾಡ್ತಿರೋ ಎರಡು ಪಡೆ ಇವೆ, ಎನ್‌ಸಿಆರ್ ಮತ್ತೆ ಲೀಜನ್, ಎನ್‌ಸಿಆರ್ ಯೂನಿಫಾರ್ಮ್ ಹಾಕ್ಕೊಂಡು ಲೀಜನ್ ಎದುರಿಗೆ ಹೋದ್ರೆ ಮಾತಿಲ್ಲ ಕತೆಯಿಲ್ಲ, ನೇರ ಕತ್ತಿ.

ಸ್ಟ್ರಿಪ್ ಅಂದ್ರೆ ಕ್ಯಾಸಿನೋ ಇರೋ ಬೀದಿ, ಅದರ ಗೇಟಲ್ಲಿ 2000 ಕ್ಯಾಪ್ಸ್ ತೋರಿಸಬೇಕು, ಕ್ಯಾಪ್ಸ್ ಅಂದ್ರೆ ಸೋಡಾ ಬಾಟಲಿ ಮುಚ್ಚಳ, ಅಲ್ಲಿ ಅದೇ ದುಡ್ಡು. ಅಷ್ಟಿಲ್ಲಾಂದ್ರೆ ಗೇಟಿನ ಆಚೆಗಿರೋ ಫ್ರೀಸೈಡ್ ಅನ್ನೋ ಬಡಾವಣೇಲಿ ಮಿಕ್ ಅಂಡ್ ರಾಲ್ಫ್ಸ್ ಅಂಗಡೀಲಿ 500ಕ್ಕೆ ನಕಲಿ ಪಾಸ್‌ಪೋರ್ಟ್ ಸಿಗುತ್ತೆ, ದುಡ್ಡು ತೋರಿಸೋಕೆ ಒದ್ದಾಡೋದಕ್ಕಿಂತ ಇದೇ ವಾಸಿ.

ಅಲ್ಟಿಮೇಟ್ ಎಡಿಷನ್‌ನಲ್ಲಿ ಶುರುವಲ್ಲೇ ಒಂದಿಷ್ಟು ಸ್ಪೆಷಲ್ ಗನ್ನು ಬಟ್ಟೆ ಪುಕ್ಕಟೆ ಬಂದು ಬ್ಯಾಗಿಗೆ ಬೀಳುತ್ತೆ, ಅವನ್ನ ಬಳಸಿದ್ರೆ ಮೊದಲ ಊರು ಸಪ್ಪೆ ಆಗುತ್ತೆ, ನಾನಾದ್ರೆ ಬಳಸಲ್ಲ. ರೇಡಿಯೋ ಸಿಗ್ನಲ್ ಬಂತು ಅಂತ ಮೆಸೇಜ್ ಬಂದಾಗ ಆ ಡಿಎಲ್‌ಸಿಗಳಿಗೂ ತಕ್ಷಣ ಓಡ್ಬೇಡ್ರಿ. ಡೆಡ್ ಮನಿ ಅಂತೂ ನಿಮ್ಮ ಸಾಮಾನೆಲ್ಲ ಕಿತ್ಕೊಂಡು ಒಳಗೆ ಬಿಡುತ್ತೆ, ಮುಗಿಸೋವರೆಗೂ ಆಚೆ ಬರೋಕಾಗಲ್ಲ, ಲೆವೆಲ್ 20 ಆಸುಪಾಸು ಆದ್ಮೇಲೆ ಹೋಗ್ರಿ, ಹೋಗೋ ಮುಂಚೆ ಒಂದು ಬೇರೆ ಸೇವ್ ಇಟ್ಟಿರ್ರಿ.